ಕಿಲ್ಟ್ ಜೊತೆ ಓಂ, ಶಿಲುಬೆ, ರುದ್ರಾಕ್ಷಿ: ಎಲ್ಲಿ ಹಾಕಿಕೊಳ್ಳಬೇಕು?

ಸ್ಕಾಟ್ಲೆಂಡಿನಲ್ಲಿ ಸ್ನೇಹಿತರ ಮದುವೆಗೆ ಕಿಲ್ಟ್ (ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮೊಣಕಾಲುದ್ದದ ನೆರಿಗೆಯ ಉಡುಪು) ಬಾಡಿಗೆಗೆ ತಗೊಳ್ಳುವವರು ಇದನ್ನೊಮ್ಮೆ ಓದಿ.

ಕಿಲ್ಟ್ ಪಿನ್ ಅನ್ನೋ ಅಲಂಕಾರದ ಪಿನ್ ಬರುವುದು ಬಲಗಡೆ, ಮುಂದೆ ಒಂದರ ಮೇಲೊಂದು ಬರುವ ಎರಡು ಪದರಗಳಲ್ಲಿ ಮೇಲಿನದರ ಕೆಳ ಮೂಲೆಯಲ್ಲಿ. ಅಂದರೆ ಹೆಚ್ಚುಕಡಿಮೆ ಮೊಣಕಾಲಿನ ಹತ್ತಿರ. ಹಾಗಾಗಿ ಓಂ ಅಥವಾ ಗಣಪತಿಯ ಪಿನ್ ಅಲ್ಲಿ ಬೇಡ. ಮನೆಯ ಹಿರಿಯರು ಫೋಟೊ ನೋಡಿದರೆ ಖಂಡಿತ ನೊಂದುಕೊಳ್ಳುತ್ತಾರೆ. ಸೊಂಟದ ಕೆಳಗೆ ತೂಗುವ ಸ್ಪೊರನ್ ಚೀಲಕ್ಕೂ ಇದೇ ಮಾತು. ಅದು ಸಾಮಾನ್ಯವಾಗಿ ಚರ್ಮದ್ದು ಬೇರೆ. ದೇವರ ಚಿಹ್ನೆ ಹಾಕಲೇಬೇಕು ಅನಿಸಿದರೆ ಕೋಟಿನ ಎಡ ಕಾಲರಿನ ಮೇಲೆ ಚಿಕ್ಕ ಪಿನ್ ಸಾಕು, ನೋಡೋಕೂ ಚೆಂದ.

ಅಂಗಡಿಯಲ್ಲಿ ಕೆಲ್ಟಿಕ್ ಶಿಲುಬೆಯ (ನಡುವೆ ಬಳೆಯಂಥ ವೃತ್ತವಿರುವ ಶಿಲುಬೆ) ಕಿಲ್ಟ್ ಪಿನ್ ಜಾಸ್ತಿ ಸಿಗುತ್ತದೆ. ಅಲ್ಲಿನವರು ಅದನ್ನು ಅದೇ ಜಾಗದಲ್ಲಿ ಹಾಕುತ್ತಾರೆ, ತಪ್ಪಿಲ್ಲ. ಆದರೆ ಅದು ಬರೀ ಡಿಸೈನ್ ಅಲ್ಲ, ಎಷ್ಟೋ ಜನರ ನಂಬಿಕೆ. ನಿಮ್ಮ ನಂಬಿಕೆ ಅದಲ್ಲದಿದ್ದರೆ ಸುಮ್ನೆ ಅಂದಕ್ಕೆ ಅಂತ ಹಾಕಬೇಡಿ. ಥಿಸಲ್ ಹೂವಿನದೋ ಕತ್ತಿಯದೋ ಪಿನ್ ಕೇಳಿ.

ರುದ್ರಾಕ್ಷಿ, ಇಷ್ಟಲಿಂಗ, ಜನಿವಾರಕ್ಕೆ ಯಾವ ತೊಂದರೆಯೂ ಇಲ್ಲ. ಬೋ ಟೈ ಕಟ್ಟುವ ಶರ್ಟಿನೊಳಗೆ ಆರಾಮಾಗಿ ಇರುತ್ತವೆ. ಎದೆ ಹತ್ತಿರ ದಾರ ಕಟ್ಟುವ ತೆರೆದ ಕೊರಳಿನ ಶರ್ಟಾದರೆ ಮಾತ್ರ ಸರ ಹೊರಗೆ ಕಾಣುತ್ತದೆ, ಉದ್ದ ನೋಡಿಕೊಳ್ಳಿ.

ಇನ್ನೊಂದು ವಿಷಯ: ಪಿನ್ನನ್ನು ಎರಡೂ ಪದರ ಸೇರಿಸಿ ಚುಚ್ಚಬೇಡಿ. ಕೂತಾಗ ಎಳೆದು ಉಣ್ಣೆ ಬಟ್ಟೆ ಹರಿಯಬಹುದು. ಬಾಡಿಗೆ ಕಿಲ್ಟ್ ಆದರೆ ನಿಮ್ಮ ಸ್ವಂತ ಪಿನ್ ಚುಚ್ಚುವ ಮೊದಲು ಅಂಗಡಿಯವರನ್ನು ಕೇಳಿ.