ಬೆರಳಿಗೆ ಸಿಗುವ ಕನ್ನಡ ಪುಸ್ತಕ: ನನ್ನ ಅನುಭವ

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಾನು ಓದುವುದು ಆರ್ಬಿಟ್ ರೀಡರ್ ಅನ್ನುವ ಬ್ರೈಲ್ ಯಂತ್ರದಲ್ಲಿ. ಅದರ ಸಾಲಿನಲ್ಲಿ 20 ಸೆಲ್ಲು, ಅಂದರೆ ಚುಕ್ಕಿಗಳು ಏಳುವ 20 ಮನೆ. ಎಸ್‌ಡಿ ಕಾರ್ಡಿನಲ್ಲಿರುವ ಪುಸ್ತಕ ಚುಕ್ಕಿಗಳಾಗಿ ಮೇಲೇಳುತ್ತದೆ. ಒಂದು ಸಾಲು ಓದಿ ಬಟನ್ ಒತ್ತಿದರೆ ಮುಂದಿನ ಸಾಲು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಓದುಗರಿಗೂ ನಾನೇ ಪುಸ್ತಕ ಹೊಂದಿಸಿ ಕೊಡುತ್ತೇನೆ. ಈ ಕೆಲಸಕ್ಕೆ ಇಳಿಯುವವರಿಗೆ ಅನುಕೂಲ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನೋಡುವುದು ಸುಗಮ್ಯ ಪುಸ್ತಕಾಲಯದಲ್ಲಿ. ಅಚ್ಚಾದ ಪುಸ್ತಕ ಓದಲಾಗದ ನಮ್ಮಂಥವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಅದು. ಇಂಗ್ಲಿಷ್ ಪುಸ್ತಕ ಬೇಕಾದರೆ ಬುಕ್‌ಶೇರ್ ಅನ್ನುವ ಅಂಥದ್ದೇ ಲೈಬ್ರರಿ ಇದೆ, ಅಲ್ಲಿ ಬ್ರೈಲ್‌ಗೆ ಸಿದ್ಧವಾದ ಬಿಆರ್‌ಎಫ್ ಫೈಲನ್ನೇ ಇಳಿಸಿಕೊಳ್ಳಬಹುದು. ಕನ್ನಡ ಪುಸ್ತಕ ಹುಡುಕುವಾಗ ಹೆಸರನ್ನು ಕನ್ನಡದಲ್ಲೂ ಹಾಕಿ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿ ನೋಡಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದು.

ಎಲ್ಲೂ ಸಿಗದಿದ್ದರೆ ನಾವೇ ಮಾಡಿಕೊಳ್ಳಬೇಕು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಆದ ತಿದ್ದುಪಡಿ ಇದಕ್ಕೆ ದಾರಿ ಕೊಟ್ಟಿದೆ. ಅಂಗವಿಕಲರ ಸ್ವಂತ ಓದಿಗೆ, ಪಾಠಕ್ಕೆ, ಸಂಶೋಧನೆಗೆ ಪುಸ್ತಕವನ್ನು ಬೇರೆ ರೂಪಕ್ಕೆ ತರಬಹುದು, ಅಂಥವರ ಜೊತೆ ಹಂಚಿಕೊಳ್ಳಬಹುದು. ಲಾಭಕ್ಕೆ ಮಾರುವಂತಿಲ್ಲ ಅಷ್ಟೇ.

ಬಿಆರ್‌ಎಫ್ ಫೈಲಿನ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಪ್ರತಿ ಸೆಲ್ಲಿಗೂ ಒಂದು ಇಂಗ್ಲಿಷ್ ಅಕ್ಷರವೋ ಚಿಹ್ನೆಯೋ ನಿಂತಿರುತ್ತದೆ. ಅಲ್ಲಿ ಕೂತು ತಪ್ಪು ಹುಡುಕುವುದು ಸುಮ್ನೆ ಶ್ರಮ. ಹಾಗಾಗಿ ನಾನು ತಿದ್ದುವುದೆಲ್ಲ ಯೂನಿಕೋಡ್ ಕನ್ನಡದಲ್ಲಿ, ಅಂದರೆ ಈಗ ಫೋನು, ಕಂಪ್ಯೂಟರಿನಲ್ಲೆಲ್ಲ ಬಳಸುವ ಮಾಮೂಲಿ ಕನ್ನಡ ಅಕ್ಷರದಲ್ಲಿ. ಅದೇ ಮೂಲ ಪ್ರತಿ. ಬ್ರೈಲ್ ಅದರಿಂದ ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು. ಅಕ್ಷರವನ್ನು ಬ್ರೈಲ್‌ಗೆ ಬದಲಿಸುವ ಲಿಬ್‌ಲೂಯಿ ಅನ್ನುವ ಉಚಿತ ತಂತ್ರಾಂಶಕ್ಕೆ ಕನ್ನಡ ಬ್ರೈಲ್ ಗೊತ್ತು.

ನಿಜವಾದ ಕೆಲಸ ಇರುವುದು ಆ ಮೂಲ ಪ್ರತಿಯಲ್ಲೇ. ಉದಾಹರಣೆಗೆ ಸೊನ್ನೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಥರ ಕಾಣುತ್ತವಂತೆ. ಎಷ್ಟೋ ಜನ ‘ಗಂಧ’ ಅಂತ ಟೈಪ್ ಮಾಡುವಾಗ ನಡುವೆ ಅಂಕಿಯನ್ನೇ ಒತ್ತಿರುತ್ತಾರೆ. ಕಣ್ಣಲ್ಲಿ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ಬ್ರೈಲ್‌ನಲ್ಲಿ ಮಾತ್ರ ‘ಗ’ ಆದ ಮೇಲೆ ಅಂಕಿ ಗುರುತು ಬಂದು, ಸೊನ್ನೆ ಬಂದು, ಆಮೇಲೆ ‘ಧ’ ಬರುತ್ತದೆ. ಬೆರಳು ಗಕ್ಕನೆ ನಿಲ್ಲುತ್ತದೆ. ಪುಟಕ್ಕೆ ಹತ್ತು ಕಡೆ ಹೀಗಾದರೆ ಯಾರು ತಾನೇ ಓದುತ್ತಾರೆ? ಅದಕ್ಕೇ ಅಕ್ಷರದ ಬೆನ್ನಿಗೆ ಅಂಟಿರುವ ಸೊನ್ನೆಗಳನ್ನೆಲ್ಲ ಮೊದಲೇ ಹುಡುಕಿ ಬದಲಿಸುತ್ತೇನೆ.

ಇನ್ನೊಂದು ಅರ್ಕಾವತ್ತು. ‘ನುಡಿ’, ‘ಬರಹ’ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನ ಫೈಲುಗಳನ್ನು ಮೊದಲು ಯೂನಿಕೋಡ್‌ಗೆ ತರಬೇಕು. ತರುವಾಗ ಕೆಲವೊಮ್ಮೆ ‘ಸೂರ್ಯ’ ಹೋಗಿ ‘ಸೂಯರ್’ ಆಗಿರುತ್ತದೆ, ‘ಕಾರ್ಯಕ್ರಮ’ ‘ಕಾಯರ್ಕ್ರಮ’ ಆಗಿರುತ್ತದೆ. ‘ಯರ್’ ಅಂತ ಹುಡುಕಿದರೆ ಇಂಥವು ಸಿಕ್ಕಿಬೀಳುತ್ತವೆ. ಸ್ಕ್ಯಾನ್ ಮಾಡಿದ ಪುಟವಾದರೆ ವ, ಪ, ಮ ಅದಲುಬದಲಾಗಿರುತ್ತವೆ. ಇದನ್ನು ಯಂತ್ರಕ್ಕೆ ಬಿಡಬೇಡಿ. ಕಣ್ಣಿರುವವರೊಬ್ಬರು ಪುಸ್ತಕ ಕೈಯಲ್ಲಿ ಹಿಡಿದು ಜೊತೆಗೆ ಕೂರಬೇಕು. ನನಗೆ ನಮ್ಮ ಸ್ಕೂಲಿನ ಹಳೆಯ ವಿದ್ಯಾರ್ಥಿನಿಯರು ಕೂರುತ್ತಾರೆ. ಆ ಹುಡುಗಿಯರ ಋಣ ದೊಡ್ಡದು.

ಸಾಲಿನ ಅಳತೆಯೂ ಮುಖ್ಯ. ಕನ್ನಡ ಬ್ರೈಲ್‌ನಲ್ಲಿ ಕಾಗುಣಿತದ ಸ್ವರ ಬೇರೆ ಸೆಲ್ಲು, ಒತ್ತಕ್ಷರಕ್ಕೆ ಮುಂದೊಂದು ಚುಕ್ಕಿಯ ಸೆಲ್ಲು. ‘ಹಾಸನ’ 4 ಸೆಲ್ಲಿನಲ್ಲಿ ಮುಗಿಯುತ್ತದೆ, ‘ಚಿಕ್ಕಮಗಳೂರು’ ಬರೆಯಲು 11 ಬೇಕು. ಅಂದರೆ ನನ್ನ ಯಂತ್ರದ ಅರ್ಧ ಸಾಲಿಗಿಂತ ಜಾಸ್ತಿ. ಕಾಗದದ ಬ್ರೈಲ್‌ಗೆ ಅಂತ 40 ಸೆಲ್ಲಿಗೆ ಹೊಂದಿಸಿದ ಫೈಲನ್ನು ಹಾಗೇ ಹಾಕಿದರೆ ಸಾಲುಗಳು ಎಲ್ಲೆಲ್ಲೋ ತುಂಡಾಗುತ್ತವೆ. ಓದುವವರ ಯಂತ್ರ ಎಷ್ಟು ಸೆಲ್ಲಿನದು ಅಂತ ಕೇಳಿಕೊಂಡೇ ನಾನು ಫೈಲ್ ಮಾಡುವುದು.

ಫೈಲಿನ ಹೆಸರು ಚಿಕ್ಕದಿರಲಿ, ಇಂಗ್ಲಿಷ್ ಅಕ್ಷರದಲ್ಲಿರಲಿ. ಪುಸ್ತಕದ ಹೆಸರು ಮೊದಲು, ಆಮೇಲೆ ಭಾಗದ ಸಂಖ್ಯೆ. ‘ಕನ್ನಡ ಕಾದಂಬರಿ’ ಅಂತ ಶುರುವಾದರೆ ಪಟ್ಟಿಯಲ್ಲಿ ಎಲ್ಲವೂ ಒಂದೇ ಥರ ತಾಗುತ್ತವೆ, ಅಲ್ವಾ? ಹೆಸರಿನ ತುದಿಯಲ್ಲಿ, ಫೈಲ್ ತಿದ್ದಿದ ತಿಂಗಳು ಇರಲಿ. ಹೊಸದು ಹಾಕಿದ ಕೂಡಲೇ ಕಾರ್ಡಿನಿಂದ ಹಳೆಯದನ್ನು ತೆಗೆದುಬಿಡಿ. ಮೂಲ ಪ್ರತಿ ಮಾತ್ರ ಎರಡು ಕಡೆ ಇರಲಿ. ಒಂದು ಸಾವಿರ ಸೆಲ್ಲಿನ ಪುಟ ಹೆಚ್ಚುಕಮ್ಮಿ ಒಂದು ಕೆಬಿ, ಹಾಗಾಗಿ ಜಾಗದ ಚಿಂತೆಯೇ ಇಲ್ಲ.

ಮೂಡಿಗೆರೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಅಲ್ಲಿಯ ಪಿಯುಸಿ ಹುಡುಗಿಯೊಬ್ಬಳಿಗೆ ಕಾರ್ಡನ್ನೇ ಅಂಚೆಯಲ್ಲಿ ಕಳಿಸುತ್ತೇನೆ. ಓದಿ ಮುಗಿಸಿ ಫೋನ್ ಮಾಡುತ್ತಾಳೆ. “ಮಿಸ್, ಮೂರನೇ ಪಾಠದಲ್ಲಿ ಇನ್ನೂ ಎರಡು ಸೊನ್ನೆ ಉಳ್ಕೊಂಡಿದೆ.” ಅವತ್ತೇ ಮೂಲ ಪ್ರತಿ ತಿದ್ದಿ, ಆ ಪುಸ್ತಕ ಪಡೆದವರಿಗೆಲ್ಲ ಹೊಸ ಫೈಲ್ ಕಳಿಸುತ್ತೇನೆ. ಯಾರಿಗೆ ಯಾವ ಪುಸ್ತಕ ಹೋಗಿದೆ ಅನ್ನುವ ಪಟ್ಟಿ ಇಟ್ಟಿರುವುದು ಇದಕ್ಕೇ.