ಪಿಎಸ್‌ಎ ಸಂಖ್ಯೆ ಓದುವುದು ಹೇಗೆ? ಪ್ರಾಸ್ಟೇಟ್ ಕ್ಯಾನ್ಸರ್ ಅಪಾಯದ ಲೆಕ್ಕಾಚಾರ

ಐವತ್ತು ದಾಟಿದ ಗಂಡಸರ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಈಗ ಪಿಎಸ್‌ಎ ರಕ್ತಪರೀಕ್ಷೆಯೂ ಸೇರಿರುತ್ತದೆ. ಪ್ರಾಸ್ಟೇಟ್ ಗ್ರಂಥಿ ಸುರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಇದು. ವರದಿಯಲ್ಲಿ 5.2 ಎಂದು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮಿತಿ 4 ಎಂದು ಅಚ್ಚಾಗಿ ಬಂದರೆ ಮನೆಮಂದಿಯ ನಿದ್ದೆ ಹಾರುತ್ತದೆ. 2.1 ಬಂದರೆ ವರದಿ ಬೀರು ಸೇರುತ್ತದೆ. ಆ ಭಯವೂ ಈ ನಿರಾಳವೂ ಆತುರದ್ದೇ. ಯಾರ ರಕ್ತ, ಯಾವಾಗ ತೆಗೆದದ್ದು, ಅವರು ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ ಆ ಸಂಖ್ಯೆಗೆ ಅರ್ಥವಿಲ್ಲ.

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ಯೌವನದಲ್ಲಿ ತೂಕ 20 ಗ್ರಾಂ ಆಸುಪಾಸು. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ದೊಡ್ಡದಾಗುವುದು ನಾಳವನ್ನು ಸುತ್ತಿದ ಒಳಭಾಗ. ಧಾರೆ ಸಣ್ಣಗಾಗುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು ಹೆಚ್ಚಾಗಿ ಇದರಿಂದಲೇ, ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬಹುಪಾಲು ಹುಟ್ಟುವುದು ಹಿಂಬದಿಯ ಹೊರಭಾಗದಲ್ಲಿ. ಅಲ್ಲಿನ ಸಣ್ಣ ಗಂಟು ನಾಳವನ್ನು ಒತ್ತುವುದಿಲ್ಲ, ಹಾಗಾಗಿ ಮೊದಮೊದಲು ಏನೂ ತಿಳಿಯುವುದಿಲ್ಲ. ‘ನನಗೆ ಮೂತ್ರದ ತೊಂದರೆಯೇ ಇಲ್ಲ’ ಎಂದು ಸುಮ್ಮನಿರುವಂತಿಲ್ಲ ಎನ್ನುವುದು ಇದಕ್ಕೇ.

ಮೊದಲು ಮನೆತನದ ಲೆಕ್ಕ

ತಂದೆಗೋ ಅಣ್ಣತಮ್ಮಂದಿರಲ್ಲಿ ಒಬ್ಬರಿಗೋ ಈ ಕಾಯಿಲೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಹೆಚ್ಚಿನವರು ಮರೆಯುವುದು ಹೆಂಗಸರ ಕಡೆಯ ಲೆಕ್ಕ. ಅಮ್ಮ, ಅಜ್ಜಿ, ಚಿಕ್ಕಮ್ಮ, ಅಕ್ಕತಂಗಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಬಿಆರ್‌ಸಿಎ2 ಎಂಬ ಜೀನಿನ ದೋಷ ವಂಶದಲ್ಲಿ ಹರಿಯುತ್ತಿರಬಹುದು. ಅದು ಗಂಡುಮಕ್ಕಳಿಗೂ ದಾಟುತ್ತದೆ, ಅವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬೇಗ ಬರುವ, ಜೋರಾಗಿಯೂ ಇರುವ ಸಂಭವ ಹೆಚ್ಚು. ‘ದೊಡ್ಡಪ್ಪ ಸೊಂಟದ ಮೂಳೆ ನೋವಲ್ಲಿ ಹೋದರು’ ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರೆ ಹಳೆಯ ಆಸ್ಪತ್ರೆ ಕಾಗದಗಳನ್ನು ಒಮ್ಮೆ ಹುಡುಕಿಸಿ. ಮೂಳೆಗೆ ಹರಡುವುದು ಈ ಕಾಯಿಲೆಯ ಗುಣ.

ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿಯಂತೆ ಪಿಎಸ್‌ಎ ಬಗ್ಗೆ ವೈದ್ಯರೊಡನೆ ಮಾತಾಡಬೇಕಾದ ವಯಸ್ಸು ಸಾಮಾನ್ಯರಿಗೆ 50, ಮನೆತನದಲ್ಲಿ ಇದ್ದವರಿಗೆ 45, ಬಿಆರ್‌ಸಿಎ2 ದೋಷವಿದ್ದವರಿಗೆ 40. ಅಮೆರಿಕದ 2018ರ ಶಿಫಾರಸು 70 ದಾಟಿದವರಿಗೆ ವಾಡಿಕೆಯ ತಪಾಸಣೆ ಬೇಡ ಎನ್ನುತ್ತದೆ. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠಕ್ಕೆ ಮಾತ್ರ. ಹಾಗಾಗಿ ಇಲ್ಲಿ ಯಾರೂ ಕರೆದು ಹೇಳುವುದಿಲ್ಲ, ನಾವೇ ಕೇಳಬೇಕು.

ರಕ್ತ ಕೊಡುವ ಮೊದಲು

ಖಾಲಿ ಹೊಟ್ಟೆ ಬೇಕಿಲ್ಲ. ಆದರೆ 48 ಗಂಟೆ ಮೊದಲಿನಿಂದ ವೀರ್ಯಸ್ಖಲನ ಬೇಡ, ದೂರದ ಸೈಕಲ್ ಸವಾರಿಯೂ ಬೇಡ. ಎರಡೂ ಸಂಖ್ಯೆಯನ್ನು ತುಸು ಏರಿಸಬಲ್ಲವು. ಉರಿಮೂತ್ರ, ಜ್ವರದ ಜೊತೆ ಸೋಂಕು ಆಗಿದ್ದರೆ ಗುಣವಾಗಿ ಆರು ವಾರ ಕಳೆಯಲಿ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿಸಿಕೊಂಡಿದ್ದರೂ ಕೆಲವು ವಾರ ತಡೆಯಿರಿ. ಅವಸರದಲ್ಲಿ ಮಾಡಿಸಿದ ಪರೀಕ್ಷೆಯಿಂದ ಬೇಡದ ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಹೋದವರು ಕಡಿಮೆಯಿಲ್ಲ.

ತೀರಾ ಅಪಾಯದ ತಪ್ಪು ಇನ್ನೊಂದು. ಗ್ರಂಥಿ ಕುಗ್ಗಿಸಲು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಆರು ತಿಂಗಳಿಂದ ವರ್ಷದೊಳಗೆ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತವೆ. ಅಂಥವರ ವರದಿಯಲ್ಲಿ 2.8 ಇದ್ದರೆ ಅದನ್ನು 5.6 ಎಂದೇ ಓದಬೇಕು. ಕೂದಲು ಉದುರದಿರಲೆಂದು ನುಂಗುವ 1 ಮಿಲಿಗ್ರಾಂ ಫಿನಾಸ್ಟರೈಡಿಗೂ ಇದೇ ಲೆಕ್ಕ. ಅದನ್ನು ಔಷಧವೆಂದೇ ಎಣಿಸದೆ ವೈದ್ಯರಿಗೆ ಹೇಳದವರು ಬಹಳ. ದಯವಿಟ್ಟು ಹೇಳಿ.

ಸಂಖ್ಯೆಯ ಓದು

4ರಿಂದ 10ರ ನಡುವೆ ಬಂದವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗುತ್ತದೆ. 10 ದಾಟಿದರೆ ಅರ್ಧಕ್ಕಿಂತ ಹೆಚ್ಚು. ಮೊದಲ ಸಲ ಏರಿದ್ದರೆ ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಲ್ಯಾಬ್ ಬದಲಾದರೆ ಕಿಟ್ ಬದಲಾಗುತ್ತದೆ, ಹೋಲಿಕೆ ಕೆಡುತ್ತದೆ.

ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್ ವರದಿ ತೆಗೆಯಿರಿ. ‘ಪ್ರಾಸ್ಟೇಟ್’ ಎಂಬ ಸಾಲಿನಲ್ಲಿ ಮೂರು ಅಳತೆ, ಕೊನೆಗೆ ಗಾತ್ರ ಇಷ್ಟು ಸಿಸಿ ಎಂದಿರುತ್ತದೆ. ಪಿಎಸ್‌ಎಯನ್ನು ಆ ಸಿಸಿಯಿಂದ ಭಾಗಿಸಿ. ಪಿಎಸ್‌ಎ 6, ಗ್ರಂಥಿ 60 ಸಿಸಿ ಆದರೆ 0.10, ದೊಡ್ಡ ಗ್ರಂಥಿ ಹೆಚ್ಚು ಪಿಎಸ್‌ಎ ಸುರಿಸುವುದು ಸಹಜ. ಅದೇ 6, ಗ್ರಂಥಿ 30 ಸಿಸಿ ಆದರೆ 0.20. 0.15 ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಸಂಖ್ಯೆ, ಇಬ್ಬರಿಗೆ ಎರಡು ದಾರಿ.

ಅನುಮಾನ ಉಳಿದರೆ ಬಯಾಪ್ಸಿಗೆ ಮುಂಚೆ ಎಂಆರ್‌ಐ. ಅದರಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 4 ಮತ್ತು 5ಕ್ಕೆ ಬಯಾಪ್ಸಿ ಬೇಕೇ ಬೇಕು, 3ಕ್ಕೆ ಮೇಲಿನ ಭಾಗಲಬ್ಧ ನೋಡಿ ತೀರ್ಮಾನ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಯಾಪ್ಸಿಗೆ ದಿನ ಗೊತ್ತು ಮಾಡುವಾಗಲೇ ತಿಳಿಸಬೇಕು. ಬಯಾಪ್ಸಿ ವರದಿಯಲ್ಲಿ ಗ್ಲೀಸನ್ 6, ಅಂದರೆ ಕ್ಯಾನ್ಸರಿನ ಜೋರು ಅಳೆಯುವ ಅಂಕದಲ್ಲಿ ತೀರಾ ಕೆಳಗಿನದು, ಬಂದರೆ ಹೆಚ್ಚಿನವರಿಗೆ ಕೂಡಲೇ ಆಪರೇಷನ್ ಬೇಡ, ನಿಗಾ ಸಾಕು. ಬ್ರಿಟನ್ನಿನಲ್ಲಿ ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದ 1,643 ಮಂದಿಯನ್ನು ಆಪರೇಷನ್, ರೇಡಿಯೇಷನ್, ನಿಗಾ ಎಂದು ಮೂರು ಗುಂಪು ಮಾಡಿ 15 ವರ್ಷ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೂರರಲ್ಲೂ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂರರ ಆಸುಪಾಸು. ಆದರೆ ಹರಡಿದ್ದು ನಿಗಾ ಗುಂಪಿನಲ್ಲಿ ಸುಮಾರು ಎರಡು ಪಟ್ಟು. ನಿಗಾ ಎಂದರೆ ಮರೆಯುವುದಲ್ಲ, ತಾರೀಕು ತಪ್ಪಿಸದೆ ಪಿಎಸ್‌ಎ, ಎಂಆರ್‌ಐ, ಮರುಬಯಾಪ್ಸಿ.

ಅಪಾಯ ಇಳಿಸುವುದು

ಟೊಮೆಟೊ ತಿಂದರೆ ಬರುವುದಿಲ್ಲ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಚರ್ಮಕ್ಕೆ, ಕೂದಲಿಗೆ ಎಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ವಿಟಮಿನ್ ಇ 400 ಕ್ಯಾಪ್ಸೂಲ್ ಗಂಡಸರಿಗೆ ಕೆಡುಕೇ: ಅಮೆರಿಕದಲ್ಲಿ 2001ರಲ್ಲಿ ಶುರುವಾದ, 35,000ಕ್ಕೂ ಹೆಚ್ಚು ಮಂದಿಯ ಅಧ್ಯಯನದಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಂಡವರಲ್ಲಿ ಈ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಕಂಡಿತು. ಬೀಡಿ, ಸಿಗರೇಟು ಬಿಟ್ಟರೆ, ಹೊಟ್ಟೆಯ ಬೊಜ್ಜು ಇಳಿಸಿದರೆ, ದಿನಾ ಬಿರುಸಾಗಿ ನಡೆದರೆ ಕಾಯಿಲೆ ಮಾರಕವಾಗುವ ಸಂಭವ ತಗ್ಗುತ್ತದೆ.

ಮೂತ್ರದಲ್ಲಿ ರಕ್ತ, ಮಲಗಿದರೂ ಬಿಡದ ಬೆನ್ನು ಸೊಂಟದ ನೋವು ಇದ್ದರೆ ಚೆಕಪ್ ಪ್ಯಾಕೇಜಿಗೆ ಕಾಯದೆ ಯೂರಾಲಜಿಸ್ಟರನ್ನು ನೋಡಿ. ಮೂತ್ರ ಪೂರ್ತಿ ಕಟ್ಟಿದರೆ, ಇಲ್ಲವೇ ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ ಅದೇ ದಿನ, ರಾತ್ರಿಯಾಗಿದ್ದರೂ, ಎಮರ್ಜೆನ್ಸಿಗೆ ಹೋಗಿ. ಬೆನ್ನುಹುರಿ ಒತ್ತಿಹೋದಾಗ ಕಾಲು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು.