ಕೌಂಟರಿನ ನೋಟ್‌ಬುಕ್‌ನಿಂದ ಶುರುವಾದ ಕೆಲಸ: ಲಾ ಕಾಲೇಜು ಲೈಬ್ರರಿಯಲ್ಲಿ ನನ್ನ ಅನುಭವ

ಲೈಬ್ರರಿ ಸುಧಾರಣೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕಂಪ್ಯೂಟರ್ ಮತ್ತು ಎಸಿ. ನಮ್ಮ ಲಾ ಕಾಲೇಜಿನ ಆಡಳಿತ ಮಂಡಳಿಯವರು "ಹೊಸದಾಗಿ ಏನಾದರೂ ಮಾಡಿ ಮೇಡಂ" ಎಂದಾಗಲೂ ಅವರ ಮನಸ್ಸಿನಲ್ಲಿದ್ದದ್ದು ಅದೇ. ನಾನು ಕೇಳಿದ್ದು ಒಂದು ಸೆಮಿಸ್ಟರ್ ಕಾಲಾವಕಾಶ ಮತ್ತು ಒಂದು ದಪ್ಪ ನೋಟ್‌ಬುಕ್.

ನೋಟ್‌ಬುಕ್ ಕೌಂಟರಿನಲ್ಲೇ ಇರುತ್ತಿತ್ತು. ಬಂದವರು ಏನು ಕೇಳಿದರು, ಸಿಕ್ಕಿತೋ ಇಲ್ಲವೋ, ಸಿಗದಿದ್ದರೆ ಯಾಕೆ. ಇಷ್ಟೇ ಬರೆಯುವುದು. ಹೆಸರು, ರೋಲ್ ನಂಬರ್ ಬೇಡ ಎಂದಿದ್ದೆ. ಹೆಸರು ಬರೆದುಕೊಳ್ಳುತ್ತಾರೆ ಅಂತ ಗೊತ್ತಾದರೆ ಹುಡುಗರು ಪೆದ್ದು ಪ್ರಶ್ನೆ ಕೇಳುವುದಿಲ್ಲ. ನನಗೆ ಬೇಕಿದ್ದದ್ದೇ ಅಂಥವು. ನಮ್ಮ ಅಟೆಂಡರ್ ಮೊದಮೊದಲು ಗೊಣಗಿದರು, ಆಮೇಲೆ ನನಗಿಂತ ಚೆನ್ನಾಗಿ ಬರೆದರು. ಸಲಹಾ ಪೆಟ್ಟಿಗೆ ನಮ್ಮಲ್ಲಿ ಮೊದಲಿಂದಲೂ ಇತ್ತು. ಅದರಲ್ಲಿ ಬೀಳುತ್ತಿದ್ದದ್ದು ಫ್ಯಾನ್ ತಿರುಗಲ್ಲ ಅನ್ನೋ ಚೀಟಿಗಳೇ ಜಾಸ್ತಿ. (ಫ್ಯಾನ್ ರಿಪೇರಿ ಮಾಡಿಸಿದೆವು ಅನ್ನಿ.)

ಪುಟ ತುಂಬುತ್ತಾ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. 'ಸಿಗಲಿಲ್ಲ' ಎಂದು ಬರೆದಿದ್ದ ಎಷ್ಟೋ ತೀರ್ಪುಗಳು ನಮ್ಮ ಕಪಾಟಿನಲ್ಲೇ ಇದ್ದವು. ಉದಾಹರಣೆಗೆ ಬೊಮ್ಮಾಯಿ ಕೇಸ್. ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದು, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು, ಕತೆ ಎಲ್ಲರಿಗೂ ಗೊತ್ತು. ಮೇಷ್ಟ್ರು ಬೋರ್ಡಿನ ಮೇಲೆ '(1994) 3 ಎಸ್‌ಸಿಸಿ 1' ಎಂದು ಬರೆದಿರುತ್ತಾರೆ. (ಎಸ್‌ಸಿಸಿ, ಎಐಆರ್ ಅಂದರೆ ತೀರ್ಪುಗಳನ್ನು ಅಚ್ಚು ಹಾಕುವ ಎರಡು ಬೇರೆ ಬೇರೆ ಸರಣಿಗಳು.) ಹುಡುಗ ಅದನ್ನು ಚೀಟಿಯಲ್ಲಿ ಗೀಚಿಕೊಂಡು ಬಂದು ಎಐಆರ್ ಸಂಪುಟಗಳ ಮುಂದೆ ನಿಲ್ಲುತ್ತಾನೆ. ಅಲ್ಲಿ ಅದೇ ತೀರ್ಪು 'ಎಐಆರ್ 1994 ಎಸ್‌ಸಿ 1918' ಆಗಿ ಕೂತಿದೆ. ಮೊದಲನೆಯದರಲ್ಲಿ 3 ಅಂದರೆ ಆ ವರ್ಷದ ಮೂರನೇ ಸಂಪುಟ, 1 ಅಂದರೆ ಪುಟ. ಎರಡನೆಯದರಲ್ಲಿ ಸಂಪುಟದ ಸಂಖ್ಯೆಯೇ ಇಲ್ಲ, 1918 ಎಂಬುದು ಪುಟ. ಇಸವಿ ಇರಬಹುದು ಅಂದುಕೊಂಡು ಹಳೇ ಕಪಾಟು ತಡಕಿದವರೂ ಇದ್ದಾರೆ! ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಸೈಟೇಶನ್, ಅಂದರೆ ತೀರ್ಪಿನ ಈ ವಿಳಾಸ, ಓದಲು ಬರದವರಿಗೆ ಎಸಿ ಹಾಕಿ ಏನು ಪ್ರಯೋಜನ, ಅಲ್ವಾ?

ಹೀಗಾಗಿ ನಮ್ಮ ಮೊದಲ ಹೊಸ ಯೋಜನೆಗೆ ದುಡ್ಡೇ ಖರ್ಚಾಗಲಿಲ್ಲ. ಮೊದಲ ವರ್ಷದವರಿಗೆ ಕಪಾಟಿನ ಪಕ್ಕದಲ್ಲೇ ನಿಂತು ಕ್ಲಾಸು. ಒಬ್ಬೊಬ್ಬರ ಕೈಗೂ ಒಂದು ಚೀಟಿ ಕೊಡುವುದು, ಆ ಸಂಪುಟ ತಂದು ಪುಟ ತೆಗೆದು ತೋರಿಸಬೇಕು. ಕ್ಲಾಸ್‌ರೂಮಿನಲ್ಲಿ ಸ್ಲೈಡ್ ಹಾಕಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ.

ಅಷ್ಟರಲ್ಲಿ 2024ರ ಜುಲೈ 1 ಬಂತು. ಐಪಿಸಿ (ದಂಡ ಸಂಹಿತೆ), ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಅಧಿನಿಯಮ ಮೂರರ ಜಾಗಕ್ಕೂ ಹೊಸ ಕಾನೂನು. ಐಪಿಸಿಯ 511 ಕಲಂಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 358. ನೋಟ್‌ಬುಕ್ಕಿನ ಪ್ರಶ್ನೆಗಳೇ ಬದಲಾದವು. ಕೊಲೆಗೆ 302 ಇದ್ದದ್ದು 103 ಆಯಿತು, 420 ಹೋಗಿ 318(4) ಆಯಿತು. ಇವನ್ನು ಉರು ಹೊಡೆಯಬಹುದು. ನಿಜವಾದ ಗೋಜಲು ಒಂದೇ ನಂಬರಿಗೆ ಎರಡು ಅರ್ಥ ಬಂದಾಗ. ಹಳೇ ಸಿಆರ್‌ಪಿಸಿಯಲ್ಲಿ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಎಫ್‌ಐಆರ್ ರದ್ದು ಮಾಡಿಸಲು ಹೋಗುವ ದಾರಿ. ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 528. ಅಲ್ಲಿಯ 482 ನಿರೀಕ್ಷಣಾ ಜಾಮೀನು. '144 ಜಾರಿ' ಅಂತ ಜನ ಈಗಲೂ ಹೇಳುವುದು ಈಗ 163. ಹೊಸ 144ರಲ್ಲಿರುವುದು ಹೆಂಡತಿ, ಮಕ್ಕಳು, ತಂದೆತಾಯಿಯ ಜೀವನಾಂಶ. ಇಂಥ ಜೋಡಿಗಳನ್ನಷ್ಟೇ ಆರಿಸಿ ಒಂದು ದೊಡ್ಡ ಚಾರ್ಟ್ ಮಾಡಿ ಕೌಂಟರಿನ ಎದುರಿಗೆ ಹಾಕಿದೆವು. ಫೋಟೋ ತೆಗೆದುಕೊಳ್ಳಲು ನಿಂತವರಲ್ಲಿ ನಮ್ಮ ಮೇಷ್ಟ್ರುಗಳೂ ಇದ್ದರು.

ಹಳೇ ಐಪಿಸಿ ಪುಸ್ತಕಗಳನ್ನು ತೆಗೆದು ಜಾಗ ಮಾಡಿ ಎಂಬ ಮಾತು ಸಭೆಯಲ್ಲಿ ಬಂತು. ನಾನು ಒಪ್ಪಲಿಲ್ಲ. ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಇನ್ನೂ ಐಪಿಸಿಯೇ ಅನ್ವಯ. ಆ ಕೇಸುಗಳು, ಅವುಗಳ ಅಪೀಲುಗಳು ಮುಗಿಯಲು ವರ್ಷಗಟ್ಟಲೆ ಬೇಕು. ಹಳೇ ಆವೃತ್ತಿಗಳ ಹೆಚ್ಚುವರಿ ಪ್ರತಿ ಮಾತ್ರ ತೆಗೆದು, ಉಳಿದದ್ದನ್ನು ಹೊಸದರ ಪಕ್ಕದಲ್ಲೇ ಇಟ್ಟೆವು.

ಸಾಫ್ಟ್‌ವೇರ್ ವಿಷಯಕ್ಕೆ ಹೆಚ್ಚು ಹೇಳುವಂಥದ್ದಿಲ್ಲ. ಲೈಬ್ರರಿ ನಿರ್ವಹಣೆಯ ಕೋಹಾ ಹಾಕಿಕೊಂಡೆವು, ಲೈಸೆನ್ಸ್ ಖರ್ಚಿಲ್ಲ, ಕೆಲಸ ನಡೆಯುತ್ತಿದೆ. ತೀರ್ಪು ಹುಡುಕುವ ದುಬಾರಿ ಡೇಟಾಬೇಸ್‌ಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡೆವು. ಸುಪ್ರೀಂ ಕೋರ್ಟ್ 2023ರಲ್ಲಿ ಶುರು ಮಾಡಿದ ಆನ್‌ಲೈನ್ ತೀರ್ಪು ಸಂಗ್ರಹ ಇ-ಎಸ್‌ಸಿಆರ್‌ನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ, ಕೆಲವು ಕನ್ನಡ ಅನುವಾದದಲ್ಲೂ ಇವೆ. ಅದನ್ನು ಬಳಸುವುದು ಹೇಗೆ ಅಂತ ಮೊದಲು ಹೇಳಿಕೊಟ್ಟು, ಅದರಲ್ಲಿ ಸಿಗದಿದ್ದರೆ ಮಾತ್ರ ದುಡ್ಡು ಕೊಟ್ಟದ್ದರ ಕಡೆ ಕಳಿಸುತ್ತೇವೆ.

ಕನ್ನಡ ಮಾಧ್ಯಮದಿಂದ ಬಂದವರು ಕೌಂಟರಿಗೇ ಬರುತ್ತಿರಲಿಲ್ಲ, ಹಾಗಾಗಿ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಅವರನ್ನು ನಾನೇ ಹೋಗಿ ಕೇಳಬೇಕಾಯಿತು. "ಇಂಗ್ಲಿಷಿನ ಕಮೆಂಟರಿ ಹಿಡಿದರೆ ನಿದ್ದೆ ಬರುತ್ತೆ ಮೇಡಂ" ಎಂದ ಒಬ್ಬ, ಮುಲಾಜಿಲ್ಲದೆ. ರಾಜ್ಯದ ಸಂಸದೀಯ ವ್ಯವಹಾರ ಇಲಾಖೆಯ ಜಾಲತಾಣದಲ್ಲಿ ಕರ್ನಾಟಕದ ಅಧಿನಿಯಮಗಳು ಕನ್ನಡದಲ್ಲಿವೆ. 1961ರ ಭೂ ಸುಧಾರಣಾ ಅಧಿನಿಯಮ, 1964ರ ಭೂ ಕಂದಾಯ ಅಧಿನಿಯಮ ಇಂಥವನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಸಿದೆವು. ಈಗ ಹೆಚ್ಚು ಸವೆದಿರುವ ಬೈಂಡು ಭೂ ಕಂದಾಯದ್ದೇ. ಮನೆಯಲ್ಲಿ ಪಹಣಿ, ಪೋಡಿ ತಕರಾರು ಇರುವವರು ಸುಮ್ನೆ ಓದಲೂ ಬರುತ್ತಾರೆ.

ಮುಂದಿನ ವರ್ಷಕ್ಕೆ ಪ್ರಸ್ತಾವನೆ ಬರೆದಾಗ ಪ್ರತಿ ಬೇಡಿಕೆಯ ಕೆಳಗೆ ನೋಟ್‌ಬುಕ್ಕಿನ ಒಂದೆರಡು ಸಾಲು ಹಾಗೇ ಹಾಕಿದೆ. ಮೂರು ವರ್ಷದ ಎಲ್‌ಎಲ್‌ಬಿಯವರಲ್ಲಿ ಕೆಲಸಕ್ಕೆ ಹೋಗುವವರು ಜಾಸ್ತಿ, ಸಂಜೆ ಹೊತ್ತು ಲೈಬ್ರರಿ ತೆರೆದಿಡಿ ಎಂದು ಅವರು ಕೇಳಿದ್ದು ಅದರಲ್ಲಿತ್ತು. ಸಂಜೆ ತೆರೆದಿಡಲು ಮಂಜೂರಾತಿ ಸಿಕ್ಕಿದೆ. ಆ ಹೊತ್ತಿಗೆ ಕೌಂಟರಿನಲ್ಲಿ ಕೂರುವ ಸಹಾಯಕರ ನೇಮಕ ಇನ್ನೂ ಬಾಕಿ. ಅಲ್ಲಿಯವರೆಗೆ ನಾನು ಮತ್ತು ಅಟೆಂಡರ್ ಸರದಿ ಹಾಕಿಕೊಂಡಿದ್ದೇವೆ.